ಭೋಂಗಾ ಟೀಮಿನ ಕೊನೆಯ ಬುಟ್ಟಿ

ಕಾಲೇಜಿನಲ್ಲಿ ಒಮ್ಮೆ ಕಪ್ ಗೆದ್ದವರ ಬಗ್ಗೆ ಜನರಿಗೆ ಎರಡೇ ಕತೆ ಬೇಕು. ಅವರು ಮುಂದೆ ಇನ್ನೂ ದೊಡ್ಡವರಾಗಿರಬೇಕು, ಇಲ್ಲವೇ ಕೆಟ್ಟುಹೋಗಿರಬೇಕು. ನಡುವೆ ಎಲ್ಲೋ ಹೊತ್ತಿಗೆ ಸರಿಯಾಗಿ ಊಟ ಮಾಡಿಕೊಂಡು, ಬಿ.ಪಿ. ಮಾತ್ರೆ ನುಂಗಿಕೊಂಡು, ಮಗಳ ಮದುವೆಯ ಆಲ್ಬಮ್ ನೋಡಿಕೊಂಡು ಆರಾಮಾಗಿದ್ದರೆ ಯಾರಿಗೂ ಸಮಾಧಾನವಿಲ್ಲ. ಭಾನುವಾರದ ಪುರವಣಿಗಳಲ್ಲಿ ಈ ನಮೂನೆಯ ಬರಹ ಬರುತ್ತಿರುತ್ತದೆ. 'ಅಂದು ಕಪ್ ಎತ್ತಿದ ಕೈ ಇಂದು ಮಿರ್ಚಿ ಕರಿಯುತ್ತಿದೆ' ಎಂದು ತಲೆಬರಹ. ಕೆಳಗೆ ಬಾಣಲೆಯ ಮುಂದೆ ಕಣ್ಣು ಕಿರಿದು ಮಾಡಿಕೊಂಡು ನಿಂತ ಹೆಂಗಸಿನ ಫೋಟೊ. ಆಕೆ ಕಣ್ಣು ಕಿರಿದು ಮಾಡಿದ್ದು ಹೊಗೆಗೆ. ಬರೆದವನಿಗೆ ಅದು ದುಃಖದಂತೆ ಕಂಡಿರುತ್ತದೆ. ಮಿರ್ಚಿ ಗರಿಗರಿಯಾಗಿತ್ತೋ ಇಲ್ಲವೋ ಎಂದು ಒಬ್ಬನಾದರೂ ಬರೆದದ್ದನ್ನು ನಾನು ಕಂಡಿಲ್ಲ. 'ನೀವು ಬಾಸ್ಕೆಟ್‌ಬಾಲ್ ಆಡತಿದ್ರಂತಲ್ರಿ, ಮುಂದ ಏನಾತ್ರಿ?' ಎಂದು ನನ್ನನ್ನೂ ಎಷ್ಟೋ ಜನ ಕೇಳಿದ್ದಾರೆ. 'ಏನೂ ಆಗಲಿಲ್ಲ' ಎಂದರೆ ತಲೆ ಅಲ್ಲಾಡಿಸಿ 'ಛೆ' ಎನ್ನುತ್ತಾರೆ. ಆ 'ಛೆ' ಕೇಳಿ ಕೇಳಿ ಸಾಕಾಗಿದೆ. ನಾನು ಇದನ್ನು ಬರೆಯುತ್ತಿರುವುದು ಅದರ ವಿರುದ್ಧ.

ನಾನು ಮುಂಡಗೋಡದ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುತ್ತೇನೆ. ಯುದ್ಧದ ಕಾರಣಗಳು ಆರು, ಪರಿಣಾಮಗಳು ಐದು ಎಂದು ಹಲಗೆಯ ಮೇಲೆ ಬರೆದು ಬರೆದು ನನಗೆ ಒಂದು ರೋಗ ಹತ್ತಿದೆ: ಹಿಂದೆ ನಡೆದದ್ದನ್ನು ಯಾರಾದರೂ ಅಚ್ಚುಕಟ್ಟಾಗಿ ಹೇಳಿದರೆ ನಂಬಿಕೆ ಬರುವುದಿಲ್ಲ. ಹೇಳುವವಳು ನಾನೇ ಆದರಂತೂ ಇನ್ನೂ ಅನುಮಾನ. ಎರಡನೆಯ ರೋಗವನ್ನೂ ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಗಂಟೆ ಹೊಡೆದರೆ ನಾನು ನಿಲ್ಲುತ್ತೇನೆ. ಬಾಬರನ ಸೈನ್ಯ ಪಾಣಿಪತ್ತಿನಲ್ಲಿ ಸಾಲುಗಟ್ಟಿ ನಿಂತಿರಲಿ, ಫಿರಂಗಿಯ ಬತ್ತಿಗೆ ಬೆಂಕಿ ಮುಟ್ಟಿರಲಿ, ಗಂಟೆಯಾದರೆ ನನ್ನ ಸೀಮೆಸುಣ್ಣ ಮೇಜಿನ ಮೇಲೆ. ಗಣಿತದ ಸರ್ ಬಾಗಿಲಲ್ಲಿ ಗಡಿಯಾರ ನೋಡುತ್ತ ನಿಂತಿರುತ್ತಾರೆ. ಅವರೆದುರು ಬಾಬರನದೇನು ನಡೆಯುತ್ತದೆ? ಫಿರಂಗಿ ಮರುದಿನ ಹಾರುತ್ತದೆ.

ಇನ್ನು ಆ ಕಪ್ಪಿನ ವಿಷಯ. ನಾನು ಹುಟ್ಟಿದ್ದು, ಓದಿದ್ದು ದಾಂಡೇಲಿಯಲ್ಲಿ. ಕಾಲೇಜಿನ ಹೆಸರು ಬೇಡ, ಮತ್ತೆ ಸನ್ಮಾನಕ್ಕೆ ಕರೆದಾರು. ನಮ್ಮ ಬಾಸ್ಕೆಟ್‌ಬಾಲ್ ಅಂಗಳದಿಂದ ನೋಡಿದರೆ ಕಾಗದದ ಕಾರ್ಖಾನೆಯ ಚಿಮಣಿ ಕಾಣುತ್ತಿತ್ತು. ಪಾಳಿ ಬದಲಾಗುವಾಗ ಅಲ್ಲಿ ಭೋಂಗಾ, ಅಂದರೆ ಸೈರನ್ನು, ಕೂಗುತ್ತದೆ. ಹೊರಗಿನವರು ಎದೆ ಹಿಡಿದುಕೊಂಡು 'ಅದೇನು ಸದ್ದು?' ಎಂದು ಕೇಳಿದರೆ ದಾಂಡೇಲಿಯವರು 'ಯಾವ ಸದ್ದು?' ಎನ್ನುತ್ತಾರೆ. ನಾಟಕವಲ್ಲ, ನಿಜಕ್ಕೂ ಕೇಳಿಸಿರುವುದಿಲ್ಲ. ಭೋಂಗಾದ ಕೆಳಗೆ ಹುಟ್ಟಿ, ಭೋಂಗಾದ ಕೆಳಗೆ ತೊಟ್ಟಿಲಲ್ಲಿ ಮಲಗಿದವರಿಗೆ ಅದು ಕಾಗೆಯ ಕೂಗಿಗಿಂತ ಹೆಚ್ಚಿನದಲ್ಲ. ಈಗ ನೋಡಿ: ಅಂತಿಮ ಪಂದ್ಯ, ನಮ್ಮದೇ ಅಂಗಳ, ಎದುರಿಗೆ ಧಾರವಾಡದ ಕಡೆಯ ಹುಡುಗಿಯರು. ಅವರು ಒಂದೇ ಒಂದು ಅಂಕದಿಂದ ಮುಂದಿದ್ದಾರೆ. ಆಟ ಮುಗಿಯಲು ಇನ್ನೇನು ಕೆಲವೇ ಕ್ಷಣ. ಭೋಂಗಾ ಕೂಗಿತು. ಆಟ ಮುಗಿಯಿತೆಂದುಕೊಂಡು ಧಾರವಾಡದವರು ನಿಂತುಬಿಟ್ಟರು. ನಿಂತದ್ದಷ್ಟೇ ಅಲ್ಲ, ಗೆದ್ದೆವೆಂದು ಒಬ್ಬರನ್ನೊಬ್ಬರು ಅಪ್ಪಿಕೊಂಡು ಅಳತೊಡಗಿದರು. ರೆಫರಿಯ ಸೀಟಿ ಇನ್ನೂ ಆಗಿರಲಿಲ್ಲ. ನಮಗೆ ಏನೂ ಕೇಳಿಸಿರಲಿಲ್ಲ. ನಾವು ಆಡುತ್ತಲೇ ಇದ್ದೆವು. ನಮ್ಮಲ್ಲೊಬ್ಬಳು ಅವರ ಅಪ್ಪುಗೆಯನ್ನು ಸುತ್ತು ಹಾಕಿ ಹೋಗಿ ಚೆಂಡನ್ನು ಬುಟ್ಟಿಗೆ ಹಾಕಿದಳು. ಆಮೇಲೆ ಸೀಟಿ.

ಆ ಒಬ್ಬಳು ಯಾರು? ನಮ್ಮ ಟೀಮಿನ ಶಮೀಮಳನ್ನು ಕೇಳಿದರೆ 'ನಾ' ಎನ್ನುತ್ತಾಳೆ. ಸುರೇಖಾಳನ್ನು ಕೇಳಿದರೆ ಅವಳೂ 'ನಾ' ಎನ್ನುತ್ತಾಳೆ. ನನ್ನ ಅಂಗೈಗೆ ಚೆಂಡಿನ ಆ ಒರಟು ಚರ್ಮ ಇನ್ನೂ ನೆನಪಿದೆ, ಆದರೆ ಅಂಗೈ ಎಲ್ಲ ಚೆಂಡನ್ನೂ ಹಾಗೇ ನೆನಪಿಟ್ಟುಕೊಂಡಿರುತ್ತದೆ. ಅದನ್ನು ಸಾಕ್ಷಿ ಎಂದು ನಾನು ಒಪ್ಪುವುದಿಲ್ಲ. ಒಪ್ಪದಿದ್ದರೂ ಹೇಳುತ್ತೇನೆ: ನಾನೇ ಹಾಕಿದ್ದು. ಯಾರು ಹಾಕಿದರೂ ಊರಿಗೆ ಅದರಿಂದ ವ್ಯತ್ಯಾಸವಾಗಲಿಲ್ಲ. ನಮ್ಮ ತರಗತಿಯ ಗುರುರಾಜ, ಗಂಡುಮಕ್ಕಳ ಟೀಮಿನಲ್ಲಿದ್ದು ಮೊದಲ ಸುತ್ತಿನಲ್ಲೇ ಮನೆಗೆ ಬಂದವನು, ಮರುದಿನವೇ ಕ್ಯಾಂಟೀನಿನಲ್ಲಿ ಘೋಷಿಸಿದ: 'ಕಪ್ಪು ಇವರು ಗೆದ್ದಿಲ್ಲೋ, ಭೋಂಗಾ ಗೆದ್ದೈತಿ!' ಅವತ್ತಿನಿಂದ ನಾವು ಭೋಂಗಾ ಟೀಮು. ಮೂವತ್ತು ವರ್ಷ ದಾಟಿದರೂ ಹೆಸರು ಹೋಗಿಲ್ಲ. ದಾಂಡೇಲಿಯ ಸಂತೆಯಲ್ಲಿ ಯಾರೋ ಅಪರಿಚಿತ ಮುದುಕರು ನನ್ನನ್ನು ಕಂಡು ಪಕ್ಕದವರಿಗೆ 'ಭೋಂಗಾದಾಕಿ' ಎಂದು ಹೇಳಿದ್ದನ್ನು ಈ ಕಿವಿಯಿಂದ ಕೇಳಿದ್ದೇನೆ.

ಈ ವರ್ಷ ಅದೇ ಗುರುರಾಜ ಹಳೆಯ ವಿದ್ಯಾರ್ಥಿಗಳ ಸಂಘದ ಕಾರ್ಯದರ್ಶಿಯಾದ. ಆಗಿ ಫೋನು ಮಾಡಿದ.

'ಏನವಾ ಸುಧಾ, ಮಾಜಿ ವೀರರಿಗೆಲ್ಲಾ ಸನ್ಮಾನ ಇಟ್ಟೇವಿ. ಹಳೇ ಹುಡುಗರದೊಂದು ಮ್ಯಾಚೂ ಐತಿ. ಬರಬೇಕ ನೋಡು.'

'ಹುಡುಗ್ಯಾರದು?' ಎಂದೆ.

'ಏನ ಹುಡುಗ್ಯಾರದು?'

'ಮ್ಯಾಚು.'

ಅವನು ಮಗುವಿಗೆ ಪೆಪ್ಪರಮಿಂಟು ತೋರಿಸುವ ದನಿಯಲ್ಲಿ ಹೇಳಿದ: 'ನಿಮಗ ಅದಕ್ಕಿಂತಾ ಛಲೋ ಕೆಲಸ ಇಟ್ಟೇನಿ. ಮುಖ್ಯ ಅತಿಥಿಗಳಿಗೆ ಗೇಟಿನ್ಯಾಗ ಆರತಿ ಮಾಡೋದು. ಎಲ್ಲಾರೂ ಬದನೀಕಾಯಿ ಬಣ್ಣದ ಸೀರಿ. ಫೋಟೋದಾಗ ಭಾಳ ಚಂದ ಬರ್ತೈತಿ. ಈ ವಯಸ್ಸಿನ್ಯಾಗ ನೀವು ಜಿಗದ್ಯಾಡಿ ಕಾಲ ಮುರಕೊಂಡ್ರ ನಾ ಯಾರಿಗೆ ಉತ್ತರಾ ಕೊಡ್ಲಿ?'

ಆ ಹಳೇ ಹುಡುಗರಲ್ಲಿ ಒಬ್ಬನ ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ. ಇನ್ನೊಬ್ಬ ಬೂಟಿನ ಲೇಸು ಕಟ್ಟಿಕೊಳ್ಳಲು ಬಗ್ಗಿದರೆ ಎಬ್ಬಿಸಲು ಇಬ್ಬರು ಬೇಕು. ಅವರ ಕಾಲಿಗೆ ಉತ್ತರ ಕೊಡುವವರು ಯಾರೆಂದು ನಾನು ಕೇಳಬೇಕಿತ್ತು. ಕೇಳಿದೆ ಎಂದೇ ಈಗ ನೆನಪು. ಬಹುಶಃ ಕೇಳಲಿಲ್ಲ. 'ವಿಚಾರ ಮಾಡ್ತೇನಿ' ಎಂದು ಫೋನಿಟ್ಟು, ಅಡುಗೆಮನೆಯಲ್ಲಿ ಒಂದು ಕುಂಬಳಕಾಯಿಯನ್ನು ಅಗತ್ಯಕ್ಕಿಂತ ಸಣ್ಣದಾಗಿ ಹೆಚ್ಚಿದೆ.

ಆ ಸಂಜೆ ಶಮೀಮ, ಸುರೇಖಾ, ನಾನು ಮೂವರೂ ಒಂದೇ ಕಾನ್ಫರೆನ್ಸ್ ಕಾಲಿನಲ್ಲಿ ಕೂತೆವು. ಟೀಮಿನ ಇನ್ನಿಬ್ಬರು ದೂರದ ಊರುಗಳಲ್ಲಿದ್ದಾರೆ, ಬರುವಂತಿರಲಿಲ್ಲ. 'ಮುಂದ ಏನಾತು' ಎಂದು ಕೇಳುವವರಿಗಾಗಿ ಫೋನಿನಲ್ಲಿದ್ದ ಈ ಇಬ್ಬರ ಸಮಾಚಾರವನ್ನೂ ಹೇಳುತ್ತೇನೆ. ಶಮೀಮ ದಾಂಡೇಲಿಯಲ್ಲಿ ಕಾರು ಕಲಿಸುವ ಶಾಲೆ ನಡೆಸುತ್ತಾಳೆ. ಅವಳ ಅಪ್ಪ, ಅಣ್ಣಂದಿರೆಲ್ಲ ಮೆಕ್ಯಾನಿಕ್‌ಗಳು. ಇವಳು ಆಟದಲ್ಲಿ ನಮ್ಮನ್ನು ಬೈಯುತ್ತಿದ್ದ ಬೈಗುಳವನ್ನೇ ಉದ್ಯೋಗವಾಗಿಸಿಕೊಂಡಳು. ಕಾರ್ಖಾನೆಯ ಕಾಲನಿ ಬಂಗೂರನಗರದ ಅರ್ಧ ಹೆಂಗಸರು ಅವಳ ಬೈಗುಳ ತಿಂದೇ ಸ್ಟೇರಿಂಗ್ ಹಿಡಿದವರು. ಸುರೇಖಾ ಮೂಲ ಜೋಯಿಡಾದವಳು, ಬೆಳೆದದ್ದು ದಾಂಡೇಲಿಯಲ್ಲಿ, ಕೊಂಕಣಿ ಮನೆಮಾತು, ಈಗ ಅಣಶಿಯ ದಾರಿಯಲ್ಲಿ ಕಾಡು ನೋಡಲು ಬರುವವರಿಗೆ ಉಳಿಯಲು ನಾಲ್ಕು ಕೋಣೆ ಇಟ್ಟಿದ್ದಾಳೆ. ಅವಳ ಅಜ್ಜನ ಮನೆ ಸೂಪಾ ಅಣೆಕಟ್ಟಿನ ನೀರಿನ ಕೆಳಗಿದೆ. ಅದಕ್ಕೋ ಏನೋ, 'ಹಿಂದಿನದೆಲ್ಲ ಹೋಯಿತಲ್ಲ' ಎಂದು ಯಾರಾದರೂ ನಿಟ್ಟುಸಿರು ಬಿಟ್ಟರೆ 'ಇನ್ನೊಂದು ರೊಟ್ಟಿ ಹಾಕೂನು?' ಎಂದು ಕೇಳಿ ಎದ್ದುಬಿಡುತ್ತಾಳೆ. ಇಬ್ಬರಲ್ಲಿ ಯಾರೂ 'ಛೆ'ಗೆ ಲಾಯಕ್ಕಿಲ್ಲ.

'ಆರತಿ ತಾಟಾ?' ಶಮೀಮ ಚೀರಿದಳು. 'ನನಗೇನ ಕೊಡ್ತಾನಂತ ಅಂವಾ?'

'ನಿನಗ ಪನ್ನೀರದಾನಿ,' ಎಂದೆ. 'ಬಂದವರ ಮ್ಯಾಲ ಸಿಂಪಡಿಸಬೇಕಂತ.'

'ಅರೇ ವಾ! ರೇಡಿಯೇಟರ್‌ಗೆ ನೀರ ಹಾಕಿದಂಗ!'

ಸುರೇಖಾ ಮಾತ್ರ ನಿಧಾನವಾಗಿ ಹೇಳಿದಳು: 'ಅಗೋ, ಸಿಟ್ಟು ಬ್ಯಾಡ. ನನಗ ಒಂದಽ ಬೇಕು. ಆ ಅಂಗಳದಾಗ ಒಂದಽ ಒಂದು ಬುಟ್ಟಿ. ಭೋಂಗಾ ಇಲ್ಲದ್ದು. ಆ ಗುರ್ಯಾನ ಕಣ್ಣ ಮುಂದ.' ಮೂವತ್ತು ವರ್ಷ ಮೂವರೂ ಒಳಗೊಳಗೇ ಬಯಸಿದ್ದು ಅದನ್ನೇ ಎಂದು ಬರೆದರೆ ಅಚ್ಚುಕಟ್ಟಾಗುತ್ತದೆ. ನಾನು ಬಯಸಿರಲಿಲ್ಲ. ಅವಳು ಹೇಳಿದ ಆ ನಿಮಿಷದಿಂದ ಬಯಸತೊಡಗಿದೆ. ಆದರೆ ಎಂಥ ಬಯಕೆ! ಅನ್ನಕ್ಕಿಟ್ಟ ಕುಕ್ಕರಿನ ಸೀಟಿ ಎಣಿಸುವುದನ್ನೂ ಮರೆತೆ.

ನಮ್ಮ ಮನೆಯವರಿಗೆ ವಿಷಯ ಹೇಳಿದಾಗ ಅವರು ಪೇಪರಿನಿಂದ ತಲೆ ಎತ್ತದೆ 'ಮೊಣಕಾಲಿಗೆ ಕೇಳೀಯೇನು?' ಎಂದರು. ನನ್ನ ಬಲ ಮೊಣಕಾಲಿಗೆ ಸ್ವತಂತ್ರ ಅಭಿಪ್ರಾಯಗಳಿವೆ. ಮೆಟ್ಟಿಲು, ಬಚ್ಚಲ ಕಟ್ಟೆ, ತಹಸೀಲ್ದಾರ ಕಚೇರಿ, ಇವು ಅದಕ್ಕೆ ಹಿಡಿಸುವುದಿಲ್ಲ. ಅದನ್ನು ಕೇಳುವ ಗೋಜಿಗೆ ಹೋಗದೆ ನಮ್ಮೂರ ಟಿಬೆಟನ್ ಕ್ಯಾಂಪಿನ ಅಂಗಡಿಯಲ್ಲಿ ಒಂದು ಜೊತೆ ಬೂಟು, ಒಂದು ಕರಿ ಟ್ರ್ಯಾಕ್ ಪ್ಯಾಂಟು ಕೊಂಡೆ. ಮನೆಯವರು ಪೇಪರ್ ಮಡಚಿ, ಬೂಟನ್ನು ತಿರುಗಿಸಿ ನೋಡಿ, 'ಸೀರಿ ಯಾವ ಬಣ್ಣದ್ದಂದಿ?' ಎಂದು ಕೇಳಿದರು. ಬದನೆಕಾಯಿ ಎಂದೆ. 'ಬೂಟು ಹೊಂದಂಗಿಲ್ಲ' ಎಂದರು. ಗಂಡನ ಬೆಂಬಲ ನನಗೆ ಇಷ್ಟರ ಮಟ್ಟಿಗೆ ಸಿಕ್ಕಿತು.

ಸನ್ಮಾನದ ದಿನ ನಾನು ಹಳಿಯಾಳದ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಶಮೀಮ ತನ್ನ ಶಾಲೆಯ ಕಾರು ತಂದಿದ್ದಳು. ನೆತ್ತಿಯ ಮೇಲೆ ದೊಡ್ಡ 'ಎಲ್' ಫಲಕ. ಇಂಥ ಕಾರಿನಲ್ಲಿ ಪಕ್ಕದ ಸೀಟಿಗೂ ಒಂದು ಬ್ರೇಕ್ ಇರುತ್ತದೆ, ಕಲಿಸುವವರಿಗಾಗಿ. ನಾನು ಅಲ್ಲಿ ಕೂತೆ. ಮುಂದೆ ಎಮ್ಮೆ ಬಂದಾಗ, ಲಾರಿ ಬಂದಾಗ, ಏನೂ ಬಾರದಾಗಲೂ ನನ್ನ ಕಾಲು ಹೋಗಿ ಅದನ್ನು ಒತ್ತುತ್ತಿತ್ತು. ಕಾರು ಬಿಕ್ಕಳಿಸುತ್ತ ನಿಲ್ಲುತ್ತಿತ್ತು. 'ಬ್ರೇಕ್ ಬಿಡಽ!' ಎಂದು ಶಮೀಮ ಪ್ರತಿ ಸಲ ಒದರುತ್ತಿದ್ದಳು. 'ನಾ ಗಾಡಿ ಹೊಡೀತೇನೋ, ನೀ ಹೊಡೀತೀಯೋ? ಯಾವಾಗಿಂದ ಇಷ್ಟು ಅಂಜುಬುರುಕಿ ಆದಿ?' ನಾನು ಮಾತು ಬದಲಿಸಲು ಆ ಧಾರವಾಡದ ಹುಡುಗಿಯರನ್ನು ನೆನೆದೆ. ಭೋಂಗಾಕ್ಕೆ ನಿಂತುಬಿಡುವುದೆಂದರೇನು, ಆಟಗಾರ್ತಿಯಾದವಳು ಕಿವಿಗಿಂತ ಕಣ್ಣನ್ನು ನಂಬಬೇಡವೇ ಎಂದು ದಾಂಡೇಲಿ ಬರುವವರೆಗೂ ಉಪನ್ಯಾಸ ಕೊಟ್ಟೆ. ಶಮೀಮ ನಕ್ಕಳು. ಈ ಉಪನ್ಯಾಸವನ್ನು ನಾನು ಕೊಡಲೇ ಇಲ್ಲ ಎಂದು ಬರೆಯುವ ಆಸೆ ಈಗ ಬಹಳ ಆಗುತ್ತಿದೆ.

ಸುರೇಖಾ ಗೇಟಿನಲ್ಲೇ ಸಿಕ್ಕಳು. ಅವಳೂ ನಾನೂ ಬದನೆಕಾಯಿ ಸೀರೆ, ಶಮೀಮ ಬದನೆಕಾಯಿ ಸಲ್ವಾರು, ಬದನೆಕಾಯಿ ಓಢಣಿ. ಮೂವರೂ ನಿಂತರೆ ಸಂತೆಯ ಬುಟ್ಟಿ. ಸೀರೆಯೊಳಗೆ ಟ್ರ್ಯಾಕ್ ಪ್ಯಾಂಟಿರುವುದು ಗುರುರಾಜನಿಗೆ ಗೊತ್ತಿರಲಿಲ್ಲ. ಹೊಸ ಪಿ.ಟಿ. ಮೇಡಂ ಶಮೀಮಳ ಬೈಗುಳ ತಿಂದು ಲೈಸೆನ್ಸ್ ಪಡೆದವಳೆಂಬುದೂ ಗೊತ್ತಿರಲಿಲ್ಲ. ಅವಳು ಕಾಲೇಜಿನ ಈಗಿನ ಮೂವರು ಹುಡುಗಿಯರನ್ನು ಅಭ್ಯಾಸದ ನೆವದಲ್ಲಿ ಆಗಲೇ ಅಂಗಳಕ್ಕೆ ಇಳಿಸಿದ್ದಳು. ಮೂವರಿಗೆ ಮೂವರು, ಒಂದೇ ಬುಟ್ಟಿ, ಅವಳ ಸೀಟಿ ಆಗುವವರೆಗೆ ಆಟ: ಒಪ್ಪಂದ ಹೀಗಿತ್ತು.

ಮುಖ್ಯ ಅತಿಥಿಗಳು ತಡವಾಗಿ ಬಂದರು. ಸುರೇಖಾ ಮತ್ತು ನಾನು ಆರತಿ ಎತ್ತಿದೆವು, ಶಮೀಮ ಪನ್ನೀರು ಸಿಂಪಡಿಸಿದಳು. ಗುರುರಾಜ ಫೋನು ಹಿಡಿದು ವಿಡಿಯೊ ಮಾಡುತ್ತಿದ್ದ. 'ನಗ್ರೆವಾ, ನಗ್ರಿ! ಭೋಂಗಾ ಟೀಮು ನಗಬೇಕು!' ನಾವು ನಕ್ಕೆವು. ನಗುತ್ತಲೇ ನಾನು 'ಗುರೂ, ಒಂದ ನಿಮಿಷ ಹಿಡಿಯಪಾ, ಸೆರಗ ಸರಿ ಮಾಡ್ಕೋತೇನಿ' ಎಂದು ತಾಟು ಮುಂದೆ ಮಾಡಿದೆ. ಅವನು ಫೋನು ಕಿಸೆಗಿಟ್ಟು ಹಿಡಿದ. ಇನ್ನೊಂದು ಕೈಗೆ ಸುರೇಖಾ ತನ್ನ ತಾಟನ್ನಿಟ್ಟಳು. ನಮ್ಮ ಯೋಜನೆಯ ಜಾಣತನವೆಲ್ಲ ಇಷ್ಟೇ. ಉರಿಯುವ ಆರತಿಯನ್ನು ನೆಲಕ್ಕಿಡುವಂತಿಲ್ಲ, ಉಫ್ ಎಂದು ಊದಿ ಆರಿಸುವಂತೆಯೂ ಇಲ್ಲ, ಮುಖ್ಯ ಅತಿಥಿಗಳ ಎದುರಿಗಂತೂ ಸಾಧ್ಯವೇ ಇಲ್ಲ. ಎರಡು ಕೈಯಲ್ಲಿ ಎರಡು ದೀಪ ಹಿಡಿದ ಗುರುರಾಜ ದೀಪದ ಕಂಬದಂತೆ ನಿಂತ. ಶಮೀಮ ಅವನ ನೆತ್ತಿಗೂ ಸ್ವಲ್ಪ ಪನ್ನೀರು ಸಿಂಪಡಿಸಿದಳು. ಸುರೇಖಾ ಮತ್ತು ನಾನು ಭತ್ತ ನಾಟಿಗೆ ಇಳಿದವರಂತೆ ಸೀರೆ ಎತ್ತಿ ಸೊಂಟಕ್ಕೆ ಸಿಗಿಸಿದೆವು. ಮೂವರೂ ಅಂಗಳಕ್ಕೆ ಇಳಿದೆವು.

'ಏ, ಏ! ಎಲ್ಲಿ ಹೊಂಟ್ರಿ? ಇವನ್ನ ಯಾರರೆ ಹಿಡೀರ್ಯೋ!' ಹಿಂದಿನಿಂದ ಅವನ ದನಿ ಬರುತ್ತಿತ್ತು. ಯಾರೂ ಹಿಡಿಯಲಿಲ್ಲ. ಎಲ್ಲರೂ ನಮ್ಮನ್ನು ನೋಡುತ್ತಿದ್ದರು.

ಆಟ ಹೇಗಿತ್ತೆಂದು ಕೇಳಬೇಡಿ. ಹುಡುಗಿಯರು ನಮ್ಮ ಸುತ್ತ ಗಾಳಿಯಂತೆ ಸುಳಿದರು. ನಾವು ಅಲಮಾರುಗಳಂತೆ ಸರಿದಾಡಿದೆವು. ಅವರು 'ಸಾರಿ ಆಂಟಿ' ಎಂದು ಹೇಳಿ ಹೇಳಿ ಬುಟ್ಟಿ ಹಾಕಿದರು. ಆ 'ಸಾರಿ'ಗೇ ನನಗೆ ಉಸಿರು ಕಟ್ಟಿತು. ಆಗ, ಎಲ್ಲಿಂದಲೋ ಚೆಂಡು ಸುರೇಖಾಳ ಕೈಗೆ ಬಂತು. ಅವಳು ದೂರದ ಗೆರೆಯ ಹತ್ತಿರವಿದ್ದಳು. ಹುಡುಗಿಯರು ಅಡ್ಡ ಬರುವ ತೊಂದರೆಯನ್ನೂ ತೆಗೆದುಕೊಳ್ಳಲಿಲ್ಲ. ಸುರೇಖಾ ತವೆಯಿಂದ ರೊಟ್ಟಿ ಎತ್ತುವಷ್ಟು ನಿರಾಳವಾಗಿ ಕೈ ಎತ್ತಿದಳು. ಚೆಂಡು ಹೋಗಿ, ರಿಂಗನ್ನೂ ಮುಟ್ಟದೆ, ಬಲೆಯೊಳಗಿಂದ ಕೆಳಗೆ ಬಿತ್ತು. ಭೋಂಗಾ ಇರಲಿಲ್ಲ. ಯಾರೂ ನಿಂತಿರಲಿಲ್ಲ, ಯಾರೂ ಯಾರನ್ನೂ ಅಪ್ಪಿಕೊಂಡಿರಲಿಲ್ಲ. ಸ್ವಚ್ಛವಾದ, ನ್ಯಾಯವಾದ ಒಂದು ಬುಟ್ಟಿ. ಶಮೀಮ ಗೇಟಿನ ಕಡೆ ತಿರುಗಿ 'ನೋಡಿದ್ಯೇನೋ ಗುರ್ಯಾ!' ಎಂದು ಕೂಗಿದಳು. ಗುರುರಾಜ ನೋಡಿರಲಿಲ್ಲ. ಗಾಳಿಗೆ ಆರುತ್ತಿದ್ದ ಬತ್ತಿಯನ್ನು ಮೈ ಅಡ್ಡ ಮಾಡಿ ಕಾಪಾಡುತ್ತ ನಮಗೆ ಬೆನ್ನು ತಿರುಗಿಸಿದ್ದ. ಫೋನು ಅವನ ಕಿಸೆಯಲ್ಲಿತ್ತು.

ಅಲ್ಲಿಗೆ ನಾವು ಕೈಮುಗಿದು ಹೊರಗೆ ಬರಬಹುದಿತ್ತು. ಬರಲಿಲ್ಲ, ಏಕೆಂದರೆ ನನಗೂ ಒಂದು ಬೇಕಿತ್ತು. ಅಷ್ಟರಲ್ಲಿ ಯಾರೋ ಪುಣ್ಯಾತ್ಮರು ಅವನ ಕೈಯಿಂದ ತಾಟು ಇಸಿದುಕೊಂಡರು, ಅವನು ಫೋನು ಹೊರತೆಗೆದ. ಶಮೀಮ ಚೆಂಡನ್ನು ನನಗೆ ದಾಟಿಸಿದಳು. ಬುಟ್ಟಿಯ ಕೆಳಗೆ ನಾನೊಬ್ಬಳೇ. ಮುಂದೆ ಯಾರೂ ಇಲ್ಲ, ಮೊಣಕಾಲು ಕೂಡ ಏನೂ ಅನ್ನಲಿಲ್ಲ. ಕೈ ಎತ್ತಿದೆ. ಭೋಂಗಾ ಕೂಗಿತು.

ನಾನು ನಿಂತೆ.

ಚೆಂಡು ತಲೆಯ ಮೇಲೆ, ಕೈ ಎರಡೂ ಮೇಲೆ, ಉಸಿರು ಒಳಗೆ, ನಿಂತೆ. ಮುಂಡಗೋಡದ ಅಷ್ಟೂ ವರ್ಷಗಳ ಗಂಟೆಗಳು ಸೇರಿ ಒಂದೇ ಸಲ ಹೊಡೆದಂತಾಯಿತು. ಬಾಗಿಲಲ್ಲಿ ಗಣಿತದ ಸರ್ ಬಂದು ನಿಂತಂತೆ ಕೂಡ ಅನಿಸಿತು. ಹುಟ್ಟಿದ ಊರಿನ ಭೋಂಗಾ, ಜೀವಮಾನದಲ್ಲಿ ಮೊದಲ ಸಲ, ನನಗೆ ಕೇಳಿಸಿತು. ದಾಂಡೇಲಿಯಲ್ಲೇ ಉಳಿದ ಶಮೀಮಳಿಗೆ ಏನೂ ಕೇಳಿಸಿರಲಿಲ್ಲ. 'ಯಾಕ ನಿಂತಿ? ಬ್ರೇಕ್ ಬಿಡಽ! ಬ್ರೇಕ್ ಬಿಡಽ!' ಎಂದು ಅವಳು ಒದರುತ್ತಿದ್ದಳು. ಒಬ್ಬ ಉದ್ದನೆಯ ಹುಡುಗಿ ನನ್ನ ಹತ್ತಿರ ಬಂದಳು. ಬಸ್ಸಿನಲ್ಲಿ ವಯಸ್ಸಾದವರ ಚೀಲ ಇಸಿದುಕೊಳ್ಳುವಷ್ಟು ಮರ್ಯಾದೆಯಿಂದ 'ಕೊಡ್ರಿ ಆಂಟಿ, ಸೀಟಿ ಇನ್ನೂ ಆಗಿಲ್ರಿ' ಎಂದು ಚೆಂಡನ್ನು ನನ್ನ ಕೈಯಿಂದ ತೆಗೆದುಕೊಂಡಳು. ಒಂದೇ ಬುಟ್ಟಿಯ ಆಟದ ನಿಯಮದಂತೆ ಅದನ್ನು ಗೆರೆಯಾಚೆ ಒಯ್ದು, ತಿರುಗಿ ಬಂದು, ನನ್ನನ್ನು ಸುತ್ತು ಹಾಕಿ, ಬುಟ್ಟಿಗೆ ಹಾಕಿದಳು. ನನ್ನ ಕೈಗಳು ಇನ್ನೂ ಮೇಲೇ ಇದ್ದವು. ಆಮೇಲೆ ಸೀಟಿ.

ಈಗ ಪರಿಸ್ಥಿತಿ ಹೀಗಿದೆ. ಸುರೇಖಾಳ ಬುಟ್ಟಿಗೆ ವಿಡಿಯೊ ಸಾಕ್ಷಿಯಿಲ್ಲ. ಅದನ್ನು ಕಂಡ ನಮ್ಮ ಮೂವರಲ್ಲೂ ಆಗಲೇ ಒಡಕು ಹುಟ್ಟಿದೆ: ಚೆಂಡು ಕೊಟ್ಟವಳು ತಾನೆಂದು ಶಮೀಮ, ನಾನೆಂದು ನಾನು, ಯಾರೂ ಕೊಡಲಿಲ್ಲ ತಾನೇ ಕಿತ್ತುಕೊಂಡೆನೆಂದು ಸುರೇಖಾ. ನಾನು ನಿಂತದ್ದಕ್ಕೆ ಮಾತ್ರ ವಿಡಿಯೊ ಇದೆ. ಗುರುರಾಜ ಅದನ್ನು ಎಲ್ಲ ಗುಂಪುಗಳಿಗೂ ಕಳಿಸಿದ್ದಾನೆ. ನಮ್ಮ ಮನೆಯವರು ಅದನ್ನು ಮತ್ತೆ ಮತ್ತೆ ನೋಡಿ, 'ಬೂಟು ಹೊಂದಿಲ್ಲ, ನಾ ಹೇಳಿದ್ದೆ' ಎಂದರು. ನಾನೂ ನೋಡಿದೆ. ಇಷ್ಟು ವರ್ಷ ನೆನಪನ್ನು ಅನುಮಾನಿಸಿದವಳು ವಿಡಿಯೊವನ್ನು ಸುಮ್ಮನೆ ಬಿಟ್ಟೇನೆ? ಅದರಲ್ಲಿರುವ ಹೆಂಗಸು ನನಗಿಂತ ದಪ್ಪಗಿದ್ದಾಳೆ. ಅವಳು ನಿಂತಳೋ, ಗುರಿ ಹಿಡಿಯುತ್ತಿದ್ದಳೋ, ಖಚಿತವಾಗಿ ಹೇಳಬಲ್ಲವರು ಯಾರು? ಧಾರವಾಡದ ಆ ಹುಡುಗಿಯರು, ಎಲ್ಲಿದ್ದಾರೋ, ಏನಾಗಿದ್ದಾರೋ, ಅವರಿಗೂ ಯಾರಾದರೂ 'ಛೆ' ಎನ್ನುತ್ತಿದ್ದರೆ ಅನ್ನುವವರ ವಿರುದ್ಧ ನಾನಿದ್ದೇನೆ. ಇವತ್ತಿಗೆ ಆ ಕಪ್ಪನ್ನು ಮಾತ್ರ ವಾಪಸು ಕೊಡುವುದಿಲ್ಲ. ಮುಂದಿನ ವರ್ಷ ಆ ಅಂಗಳಕ್ಕೆ ಮತ್ತೆ ಇಳಿಯುತ್ತೇವೆ. ಆರತಿ ತಾಟನ್ನು ಯಾರಿಗೆ ಹಿಡಿಸಬೇಕೆಂದು ಶಮೀಮ ಈಗಲೇ ಯೋಚಿಸುತ್ತಿದ್ದಾಳೆ.

ನನ್ನ ತಯಾರಿಯೂ ನಡೆದಿದೆ. ಸೋಮವಾರ ಒಂಬತ್ತನೆಯ ತರಗತಿಯಲ್ಲಿ ಫಿರಂಗಿಗೆ ಬತ್ತಿ ಮುಟ್ಟಿಸುವ ಹೊತ್ತಿಗೆ ಗಂಟೆ ಹೊಡೆಯಿತು. ನಾನು ನಿಲ್ಲಲಿಲ್ಲ. ಬಾಬರನನ್ನು ಮುಂದಕ್ಕೆ ನುಗ್ಗಿಸಿದೆ. ಗಣಿತದ ಸರ್ ಬಾಗಿಲಿಗೆ ಬಂದು ಕೆಮ್ಮಿದರು. ಲೋದಿಯ ಆನೆಗಳು ಬೆದರಿ ಹಿಂದಕ್ಕೆ ತಿರುಗಿದವು. ಮುಂದಿನ ಬೆಂಚಿನ ಹುಡುಗಿ ಕೈ ಎತ್ತಿ, 'ಟೀಚರ್, ಗಂಟಿ ಆತ್ರಿ' ಎಂದಳು.

'ಯಾವ ಗಂಟೆ?' ಎಂದೆ ನಾನು, ಹುಟ್ಟು ದಾಂಡೇಲಿಯವಳ ಗತ್ತಿನಲ್ಲಿ.

ಅವಳು ನನ್ನ ಮೇಜಿನ ಕಡೆ ನೋಡಿದಳು. ಸೀಮೆಸುಣ್ಣ ಅಲ್ಲಿ ಬಿದ್ದಿತ್ತು. ಯಾರು ಇಟ್ಟರೋ ನನಗೆ ನೆನಪಿಲ್ಲ.